ಅಕ್ಕನ ಮಗಳು ಮತ್ತು ಹದಿನೇಳನೆಯ ದೋಷ

ತಿಪಟೂರು ಎಂಬ ಮಹನೀಯರಿಗೆ ಇಬ್ಬರು ಗಂಡುಮಕ್ಕಳಿದ್ದರು ಎಂದು ಬರೆದವರೊಬ್ಬರನ್ನು ನಮ್ಮ ಮಂಡಳಿ ಒಮ್ಮೆ ಪಾಸು ಮಾಡಿತ್ತು. ವಂಶಾವಳಿ ತಯಾರಿಸುವ ವೃತ್ತಿಗೆ ಬರುತ್ತಿರುವ ಹೊಸಬರಿಗಾಗಿ ಏನಾದರೂ ಬರೆಯಿರಿ ಎಂದು ನನ್ನನ್ನು ಕೇಳಿದಾಗ ಮೊದಲು ಕಣ್ಣಮುಂದೆ ಬಂದದ್ದು ಈ ತಿಪಟೂರು ಅವರೇ. ನನಗೆ ಬಂದ ಬಡ್ತಿ, ಹಾಕಿಸಿಕೊಂಡ ಶಾಲು ಇವು ಯಾವುವೂ ಅಷ್ಟು ಸ್ಪಷ್ಟವಾಗಿ ಬರಲಿಲ್ಲ.

ಮೊದಲು ಮಂಡಳಿ ಎಂದರೇನು ಎಂದು ಹೇಳಬೇಕು. ಚೆನ್ನೈನ ಮೈಲಾಪೂರಿನಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿ ನಮ್ಮ ಕಚೇರಿ. ವಾರಸುದಾರಿಕೆಯ ತಕರಾರಿನವರಿಗೆ, ಸತ್ತವರ ವಿಮೆಗಾಗಿ ಓಡಾಡುವವರಿಗೆ, ತಾತನ ಊರು ಯಾವುದೆಂದು ಮಲೇಷ್ಯಾದಿಂದ ಹುಡುಕಿಕೊಂಡು ಬರುವವರಿಗೆ ಒಂದು ಕುಟುಂಬದ ನಕ್ಷೆ ಬೇಕಾಗುತ್ತದೆ. ಆ ನಕ್ಷೆ ಬರೆಯುವವರನ್ನು ಪರೀಕ್ಷೆ ಮಾಡಿ ಮಾನ್ಯತಾ ಪತ್ರ ಕೊಡುವುದು ಮಂಡಳಿಯ ಕೆಲಸ. ಪತ್ರ ಇದ್ದವರು ಮಾತ್ರ ನಕ್ಷೆಯ ಕೆಳಗೆ ಸಹಿ ಹಾಕಬಹುದು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ಪರೀಕ್ಷಾ ಕಾರ್ಯದರ್ಶಿಯಾಗಿ ಸೇರಿದೆ. ಪರೀಕ್ಷೆ ಮಾತ್ರ ಬರೆಯಲಿಲ್ಲ, ಏಕೆಂದರೆ ಕಾರ್ಯದರ್ಶಿ ಪರೀಕ್ಷೆ ಬರೆಯಬೇಕೆಂಬ ನಿಯಮ ಇರಲಿಲ್ಲ.

ಇನ್ನೊಂದು ಮಾತು. ನಮ್ಮ ವೃತ್ತಿಯವರು ಬೇರೆಯವರ ನೆನಪನ್ನು ನಂಬುವುದಿಲ್ಲ. ನನ್ನದನ್ನು ನಂಬಲು ನನಗೂ ಕಾರಣ ಕಾಣುವುದಿಲ್ಲ. ಆದ್ದರಿಂದ ಎಲ್ಲಿ ತೇಪೆ ಹಾಕಿದ್ದೇನೋ ಅಲ್ಲಿ ಹೊಲಿಗೆ ಕಾಣುವ ಹಾಗೆಯೇ ಬಿಡುತ್ತೇನೆ.

ನಾನು ಸೇರಿದಾಗ ಅಧ್ಯಕ್ಷರಾಗಿದ್ದವರು ಒಬ್ಬ ನಿವೃತ್ತ ನ್ಯಾಯಾಧೀಶರು. ಎಲ್ಲರಿಗೂ ಅವರು ಜಡ್ಜ್ ಸಾರ್. ಅವರ ಕಾಲದ ಪರೀಕ್ಷೆ ಬಹಳ ಸರಳ. ನಿಮಗೆ ಸಂಬಂಧವಿಲ್ಲದ ಒಂದು ಕುಟುಂಬದ ನಾಲ್ಕು ತಲೆಮಾರಿನ ನಕ್ಷೆ ಬರೆದು ತನ್ನಿ, ಎದುರಿಗೆ ಕೂತುಕೊಳ್ಳಿ. ಅವರು ಯಾವುದೋ ಒಂದು ಹೆಸರಿನ ಮೇಲೆ ಬೆರಳಿಟ್ಟು ತಮಿಳಿನಲ್ಲಿ ಕೇಳುವುದು ಒಂದೇ ಪ್ರಶ್ನೆ. "ಎಪ್ಪಡಿ ತೆರಿಯುಂ?" ಹೇಗೆ ಗೊತ್ತು? ಉತ್ತರ ಕೊಟ್ಟರೆ ಇನ್ನೊಂದು ಹೆಸರಿನ ಮೇಲೆ ಬೆರಳು, ಅದೇ ಪ್ರಶ್ನೆ. "ಎಲ್ಲರಿಗೂ ಗೊತ್ತು ಸಾರ್" ಎಂದವರು ನಪಾಸು. "ಅವರ ಅತ್ತಿಗೆ ಹೇಳಿದರು, ಆದರೆ ಇಬ್ಬರಿಗೂ ಆಗುವುದಿಲ್ಲ" ಎಂದವರು ಪಾಸು. ಕಾಫಿ ತಣ್ಣಗಿದ್ದ ದಿನ ಎರಡೂ ಬಗೆಯವರು ನಪಾಸು. ಫಲಿತಾಂಶದ ವಿರುದ್ಧ ಮೇಲ್ಮನವಿ ಇತ್ತು. ಅದನ್ನು ಕೇಳುತ್ತಿದ್ದವರೂ ಜಡ್ಜ್ ಸಾರ್.

ತಿಪಟೂರು ಬಂದದ್ದು ಈ ಕಾಲದಲ್ಲಿ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ತಮಿಳರು ಮೈಲಾಪೂರಿನ ಒಂದು ಕನ್ನಡ ಮನೆತನದ ನಕ್ಷೆ ಬರೆದು ತಂದರು. ಆ ಮನೆಯ ಗಂಡಸರೆಲ್ಲ ಟಿ.ಎಸ್. ಅನಂತಯ್ಯ, ಟಿ.ಎಸ್. ಶಾಮಣ್ಣ, ಈ ರೀತಿ. ನಮ್ಮ ಕಡೆ ಮೊದಲ ಅಕ್ಷರ ಊರು, ಎರಡನೆಯದು ತಂದೆ. ಹಳೆಯ ತಮಿಳರಲ್ಲೂ ಹೀಗೆಯೇ ಇತ್ತು. ಆದರೆ ಈ ಬ್ಯಾಂಕಿನವರ ಕಾಲಕ್ಕೆ ಇನಿಷಿಯಲ್ ಎಂದರೆ ಅಪ್ಪ ಎಂದಾಗಿಬಿಟ್ಟಿತ್ತು, ಎರಡಿದ್ದರೆ ಅದರಲ್ಲಿ ಒಂದು ತಾತ. ಎಸ್ ಎಂದರೆ ಸುಬ್ಬರಾಯರು ಎಂದು ವಿಚಾರಿಸಿ ತಿಳಿದುಕೊಂಡರು. ಟಿ ಎಂದರೆ ಏನೆಂದು ಕೇಳಿದಾಗ ಮನೆಯವರು ತಿಪಟೂರು ಎಂದರು. ಸರಿ, ತಿಪಟೂರು ತಾತನಾದರು. ಅವರಿಗೆ ಇಬ್ಬರು ಮಕ್ಕಳು ಬಂದರು. ಪಕ್ಕದ ಬೀದಿಯಲ್ಲಿ ಇನ್ನೊಂದು ಟಿ ಮನೆತನ ಸಿಕ್ಕಿದ ಕೂಡಲೇ ಅವರೂ ದಾಯಾದಿಗಳಾದರು.

ಜಡ್ಜ್ ಸಾರ್ ತಿಪಟೂರಿನ ಮೇಲೆಯೇ ಬೆರಳಿಟ್ಟು ಎಪ್ಪಡಿ ತೆರಿಯುಂ ಎಂದು ಕೇಳಿದರಂತೆ. ಬಂದವರು, ಎರಡು ಮನೆಯವರೂ ಇವತ್ತಿಗೂ ಅವರ ಹೆಸರನ್ನು ತಮ್ಮ ಹೆಸರಿಗಿಂತ ಮುಂದೆ ಇಟ್ಟುಕೊಂಡಿದ್ದಾರೆ, ಅಷ್ಟು ಗೌರವ ಎಂದರಂತೆ. ಉತ್ತರ ಜಡ್ಜ್ ಸಾರ್‌ಗೆ ಬಹಳ ಹಿಡಿಸಿತು. ನಾನು ಸಹಿಗೆಂದು ಒಳಗೆ ಹೋದಾಗ ನಕ್ಷೆ ನೋಡಿ, ಸಾರ್, ಇದು ಊರು, ಅಲ್ಲಿ ರೈಲು ನಿಲ್ಲುತ್ತದೆ ಎಂದೆ. ಅವರು ಕನ್ನಡಕ ತೆಗೆದು, ಎಕ್ಸ್‌ಪ್ರೆಸ್ಸೂ ನಿಲ್ಲುತ್ತದೆಯೇ ಎಂದು ಕೇಳಿದರು. ನಿಲ್ಲುತ್ತದೆ ಎಂದೆ. ಹಾಗಾದರೆ ದೊಡ್ಡ ಊರೇ ಇರಬೇಕು ಎಂದು ಒಪ್ಪಿಕೊಂಡು ಪಾಸನ್ನು ವಾಪಸು ತೆಗೆದುಕೊಂಡರು. ನನ್ನ ಹೆಂಡತಿ ಮಾತ್ರ, ಇದನ್ನು ಕಂಡುಹಿಡಿದದ್ದು ನೀವಲ್ಲ, ಆಮೇಲೆ ಆ ಟಿ ಮನೆಯವರೇ ಜಗಳಕ್ಕೆ ಬಂದರು ಎಂದು ನೀವೇ ಆಗ ಹೇಳಿದ್ದಿರಿ ಅನ್ನುತ್ತಾಳೆ. ಇರಬಹುದು. ರೈಲಿನ ಮಾತಂತೂ ನಡೆದದ್ದು ನಿಜ.

ಜಡ್ಜ್ ಸಾರ್ ಮಂಡಿನೋವು ಹೆಚ್ಚಾಗಿ, ಮಹಡಿ ಹತ್ತಲಾರದೆ, ಕೊಯಮತ್ತೂರಿನ ಮಗಳ ಮನೆಗೆ ಹೋದರು. ಅವರ ಜಾಗಕ್ಕೆ ಬಂದವರು ಶೇಷಗಿರಿಯವರು. ಮಳವಳ್ಳಿ ಕಡೆಯವರು, ಓದಿದ್ದು, ದುಡಿದದ್ದು ಎಲ್ಲ ಚೆನ್ನೈ. ವಿಮಾ ಕಂಪನಿಯೊಂದರಲ್ಲಿ ತರಬೇತಿ ವಿಭಾಗದ ಮುಖ್ಯಸ್ಥರಾಗಿದ್ದವರು. ಮೊದಲ ದಿನವೇ ಫಿಲ್ಟರ್ ಕಾಫಿ ನಿಂತು ಮೂಲೆಗೆ ಒಂದು ಯಂತ್ರ ಬಂತು. ಅದು ಗುಂಡಿ ಒತ್ತಿದರೆ ಕಾಗದದ ಲೋಟಕ್ಕೆ ಎಲ್ಲರಿಗೂ ಒಂದೇ ರೀತಿಯ ಕೆಟ್ಟ ಕಾಫಿ ಕೊಡುತ್ತಿತ್ತು. "ನೋಡಿ ಮೂರ್ತಿ, ಇದೇ ಸ್ಟ್ಯಾಂಡರ್ಡೈಸೇಷನ್ನು" ಎಂದರು. ಹಾಸ್ಯಕ್ಕೆ ಹೇಳಿದ್ದಲ್ಲ.

ಅವರಿಗೆ ಅನ್ಯಾಯ ಮಾಡಬಾರದು. ಒಬ್ಬ ಮನುಷ್ಯನ ಮೂಗಿನ ನೇರಕ್ಕೆ ಇನ್ನೊಬ್ಬನ ಜೀವನೋಪಾಯ ನಡೆಯಬಾರದು ಎಂದು ಅವರು ಹೇಳುತ್ತಿದ್ದದ್ದು ಸರಿಯಾಗಿಯೇ ಇತ್ತು. ಜಡ್ಜ್ ಸಾರ್ ಕಾಲದಲ್ಲಿ ಯಾರು ಯಾಕೆ ಪಾಸಾದರು ಎಂದು ಹೇಳಲು ನನಗೇ ಆಗುತ್ತಿರಲಿಲ್ಲ. ಆದರೆ ಮೂಗನ್ನು ತೆಗೆದ ಮೇಲೆ ಅಲ್ಲಿ ಏನಿಡಬೇಕು ಎಂಬುದು ಅವರಿಗೂ ಪೂರ್ತಿ ಗೊತ್ತಿರಲಿಲ್ಲ.

ಮೊದಲು ಇಟ್ಟದ್ದು ನಾಲ್ಕರಲ್ಲಿ ಒಂದು ಆರಿಸುವ ಪ್ರಶ್ನೆಪತ್ರಿಕೆ. ಹುಟ್ಟಿದ ದಿನಕ್ಕೆ ಅತಿ ನಂಬಲರ್ಹ ಆಧಾರ ಯಾವುದು: ಜಾತಕ, ಶಾಲೆಯ ಸರ್ಟಿಫಿಕೇಟು, ಅಜ್ಜಿ, ಮೇಲಿನ ಯಾವುದೂ ಅಲ್ಲ. ಸರಿಯುತ್ತರ ಶಾಲೆಯ ಸರ್ಟಿಫಿಕೇಟು. ನಮ್ಮ ತಲೆಮಾರಿನ ಅರ್ಧ ಜನ ಜೂನ್ ಮೊದಲ ವಾರದಲ್ಲಿ ಹುಟ್ಟಿದವರು. ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವ ದಿನಕ್ಕೆ ಸರಿಯಾಗಿ ಐದು ವರ್ಷ ತುಂಬಿಸಿದ ಮಕ್ಕಳು. ಈ ಉತ್ತರಸೂಚಿಯನ್ನು ಒಪ್ಪಿದ ಸಭೆಯಲ್ಲಿದ್ದವರಲ್ಲಿ ನಾಲ್ವರ ಹುಟ್ಟುಹಬ್ಬ ಒಂದೇ ದಿನ. ನಾನೂ ಆ ನಾಲ್ವರಲ್ಲಿ ಒಬ್ಬ.

ಹೊಸಬರಿಗೆ ಇಲ್ಲಿ ಒಂದು ಕಿವಿಮಾತು. ಹಳಬರ ಹತ್ತಿರ ಯಾರು ಯಾವಾಗ ಹುಟ್ಟಿದರು ಎಂದು ಕೇಳಬೇಡಿ. ಮದುವೆಯಲ್ಲಿ ಯಾರ ಮಡಿಲಲ್ಲಿ ಯಾವ ಮಗು ಇತ್ತು, ಯಾರು ಕೊಟ್ಟ ಸೀರೆಗೆ ಯಾರು ಮುನಿಸಿಕೊಂಡರು ಎಂದು ಕೇಳಿ. ಹುಟ್ಟಿದ ದಿನವನ್ನು ಮರೆತವರೂ ಮುನಿಸನ್ನು ಮರೆತಿರುವುದಿಲ್ಲ.

ಆಮೇಲೆ ಬಂದದ್ದು ಸಾಫ್ಟ್‌ವೇರು. ಹೊರದೇಶದಿಂದ ತರಿಸಿದ್ದು. ಪರೀಕ್ಷಾರ್ಥಿ ತನ್ನ ನಕ್ಷೆಯನ್ನು ಅದಕ್ಕೆ ತುಂಬಿಸಬೇಕು. ಅದೇ ತಪ್ಪುಗಳನ್ನು ಹುಡುಕಿ ಒಂದೊಂದಕ್ಕೂ ನಂಬರು ಕೊಟ್ಟು ಹೇಳುತ್ತದೆ. ಒಂದು ದೋಷವಿದ್ದರೂ ಅಂಕ ಕಳೆದು ನಪಾಸು. ಮಗ ಅಪ್ಪನಿಗಿಂತ ಮೊದಲು ಹುಟ್ಟಿದರೆ ಒಂದು ನಂಬರು, ಸತ್ತ ಮೇಲೆ ಮದುವೆಯಾದರೆ ಇನ್ನೊಂದು. ಇವೆಲ್ಲ ಸರಿಯೇ, ನಮ್ಮ ಪರೀಕ್ಷಾರ್ಥಿಗಳು ಎರಡನ್ನೂ ಮಾಡುತ್ತಿದ್ದರು. ಹದಿನೇಳನೆಯ ದೋಷ ಮಾತ್ರ ಬೇರೆ: ಒಬ್ಬ ವ್ಯಕ್ತಿ ಎರಡು ತಲೆಮಾರಿನಲ್ಲಿ ಇರುವಂತಿಲ್ಲ.

ಈ ದೋಷಕ್ಕೆ ಮೊದಲು ಸಿಕ್ಕಿದವಳು ವಸಂತಾ. ಪೆರಂಬೂರಿನ ರೈಲ್ವೆ ಕುಟುಂಬದ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಮಾನ್ಯತೆ ಪಡೆದ ಒಬ್ಬ ದೊಡ್ಡ ಮನುಷ್ಯರ ಕೈಕೆಳಗೆ ವರ್ಷಗಟ್ಟಲೆ ನಕ್ಷೆ ಬರೆದುಕೊಟ್ಟವಳು. ತಿರುಗುವುದು ಅವಳು, ಕೇಳುವುದು ಅವಳು, ಬರೆಯುವುದು ಅವಳು. ಕೆಳಗೆ ಸಹಿ ಅವರದು. ಅದರಲ್ಲಿ ಕಾನೂನಿನ ಪ್ರಕಾರ ಯಾವ ತಪ್ಪೂ ಇರಲಿಲ್ಲ, ಅವಳ ಹತ್ತಿರ ಪತ್ರವಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ತಾನು ಬರೆದದ್ದರ ಕೆಳಗೆ ತನ್ನ ಹೆಸರು.

ಪರೀಕ್ಷೆಗೆ ಅವಳು ತಿರುವಲ್ಲಿಕೇಣಿಯ ಒಂದು ಕುಟುಂಬವನ್ನು ಆರಿಸಿಕೊಂಡಿದ್ದಳು. ಅಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಟ್ಟಿದ್ದರು. ನಮ್ಮಲ್ಲಿ ಇದೇನು ವಿಶೇಷ? ಅಜ್ಜಿಯೇ ಅತ್ತೆಯಾಗುತ್ತಾಳೆ, ಎತ್ತಿ ಆಡಿಸಿದ ಮಾವನೇ ಗಂಡನಾಗುತ್ತಾನೆ, ಹೊಸ ಮನೆಗೆ ಹೋದ ಹುಡುಗಿಗೆ ಅಡಿಗೆಮನೆಯ ಡಬ್ಬಗಳೆಲ್ಲ ಮೊದಲೇ ಗೊತ್ತಿರುತ್ತವೆ. ಆದರೆ ಸಾಫ್ಟ್‌ವೇರಿನ ಕಣ್ಣಿಗೆ ಹುಡುಗಿ ಅಮ್ಮನ ಕಡೆಯಿಂದ ಎಣಿಸಿದರೆ ಮೂರನೆಯ ತಲೆಮಾರು, ಗಂಡನ ಕಡೆಯಿಂದ ಎಣಿಸಿದರೆ ಎರಡನೆಯದು. ಪರದೆಯ ಮೇಲೆ ಕೆಂಪು ಅಕ್ಷರ. ದೋಷ ಹದಿನೇಳು.

ವಸಂತಾ ಅಧ್ಯಕ್ಷರ ಕೋಣೆಗೆ ಹೋದಳು. ನಾನೂ ಇದ್ದೆ.

"ತಪ್ಪೇ ಇಲ್ಲ ಸಾರ್. ಆ ಪಾಟಿಗೆ, ಅದೇ ಅಜ್ಜಿಗೆ, ದೊಡ್ಡ ಮಗಳು ಒಬ್ಬಳು, ಕೊನೇ ಮಗ ಒಬ್ಬ. ಇವಳ ಮಗಳನ್ನ ಅವನಿಗೇ ಕೊಟ್ಟಿದಾರೆ. ಕಲ್ಯಾಣದ ಫೋಟೋನೇ ಇದೆ, ಪಾರುಂಗ."

ಅಧ್ಯಕ್ಷರು ಫೋಟೋ ನೋಡಲಿಲ್ಲ. "ಇರಬಹುದಮ್ಮ, ನಾನು ಇಲ್ಲ ಅನ್ನಲ್ಲ. ಸಿಸ್ಟಮ್ ಒಪ್ಪಲ್ಲ. ಎಲ್ಲಾದ್ರೂ ಒಂದು ಕಡೆ ಒಬ್ಬರನ್ನ ಬಿಟ್ಟುಬಿಡು, ಪಾಸಾಗ್ತೀಯ."

"ಯಾರನ್ನ ಬಿಡಲಿ ಸಾರ್? ಅಮ್ಮನ್ನ ಬಿಟ್ರೆ ಮಗಳು ಮೇಲಿಂದ ಬಿದ್ದ ಹಾಗೆ ಇರತ್ತೆ. ಮಗಳನ್ನ ಬಿಟ್ರೆ ಅವಳ ಪಿಳ್ಳೆಗಳು ಯಾರ ಪಿಳ್ಳೆಗಳು?"

"ಅದು ನಿನ್ನ ಡಿಸಿಷನ್ನು" ಎಂದರು ಅಧ್ಯಕ್ಷರು.

ಅವಳು ಯಾರನ್ನೂ ಬಿಡಲಿಲ್ಲ. ಮೇಲ್ಮನವಿ ಹಾಕಿದಳು. ನಾನು ಸಾಫ್ಟ್‌ವೇರ್ ಕಂಪನಿಗೆ ಇ-ಮೇಲ್ ಕಳಿಸಿ, ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವ ಪದ್ಧತಿ ಇದೆ, ಏನು ಮಾಡಬೇಕು ಎಂದು ಕೇಳಿದೆ. ಬಹಳ ಸಭ್ಯವಾದ ಉತ್ತರ ಬಂತು. ಬೆರಳಚ್ಚಿನ ತಪ್ಪಾಗಿರಬಹುದು, ಮತ್ತೊಮ್ಮೆ ಪರಿಶೀಲಿಸಿ. ತಪ್ಪಲ್ಲವಾದರೆ ಸಂಬಂಧಪಟ್ಟ ದಂಪತಿಗಳು ಒಬ್ಬ ವಕೀಲರನ್ನು ಕಾಣುವುದು ಒಳ್ಳೆಯದು. ಇದನ್ನು ನಾನು ಅಧ್ಯಕ್ಷರಿಗೆ ಓದಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಕಿಟಕಿಯ ಕಡೆ ನೋಡಿದರು. ಕಾರಣ ನನಗೆ ಗೊತ್ತಿರಬೇಕಾಗಿತ್ತು. ಅವರ ಹೆಂಡತಿ ಸುಶೀಲಮ್ಮ ಅವರ ಅಕ್ಕನ ಮಗಳು. ಮದುವೆಯಾಗಿ ನಲವತ್ತು ವರ್ಷದ ಹತ್ತಿರ ಬಂದರೂ ಗಂಡನನ್ನು ಮಾವ ಎಂದೇ ಕರೆಯುತ್ತಿದ್ದರು.

ವಾರ್ಷಿಕೋತ್ಸವ ಬಂತು. ಅದಕ್ಕೂ ಮೊದಲೇ ಶೇಷಗಿರಿಯವರು ಒಂದು ಆಜ್ಞೆ ಹೊರಡಿಸಿದ್ದರು. ಮಂಡಳಿಯ ಸದಸ್ಯರೆಲ್ಲ ತಮ್ಮ ತಮ್ಮ ವಂಶಾವಳಿಯನ್ನು ಸಾಫ್ಟ್‌ವೇರಿಗೆ ಹಾಕಿ ನಿರ್ದೋಷ ಎನಿಸಿಕೊಳ್ಳಬೇಕು, ಅವುಗಳನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಸಭೆಯಲ್ಲಿ ತೂಗುಹಾಕಬೇಕು, ನಾವೇ ಮಾದರಿಯಾಗಬೇಕು. ತಮ್ಮದನ್ನು ಅವರು ಯಾರಿಗೂ ತೋರಿಸದೆ ತಾವೇ ತುಂಬಿಸಿದರು. ಕೆಲವು ದಿನ ಕೋಣೆಯ ಬಾಗಿಲು ಹಾಕಿಯೇ ಇರುತ್ತಿತ್ತು. ಆಮೇಲೊಂದು ದಿನ, ನಂದು ಜೀರೋ ಎರರ್ ಎಂದು ಹೊರಗೆ ಬಂದರು. ಮುಖದಲ್ಲಿ ಜೀರೋ ಎರರಿನ ಸಂತೋಷ ಇರಲಿಲ್ಲ. ಅಥವಾ ಇತ್ತೇನೋ, ಆಮೇಲೆ ನಡೆದದ್ದು ಗೊತ್ತಿರುವುದರಿಂದ ನಾನೇ ಅದನ್ನು ಒರೆಸಿರಬಹುದು.

ಸಭೆ ನಡೆದದ್ದು ಮೈಲಾಪೂರಿನ ಒಂದು ಚಿಕ್ಕ ಹಾಲಿನಲ್ಲಿ. ಚಾರ್ಟುಗಳು ಪ್ರಿಂಟಿನವರ ಕಡೆಯಿಂದ ಸುರುಳಿಯಾಗಿ ನೇರ ಅಲ್ಲಿಗೇ ಬಂದು ಗೋಡೆ ಏರಿದವು. ಸುಂಡಲ್ ಎಂಬ ಕಡಲೆ ಉಸಲಿ, ಕಾಫಿ, ಸದಸ್ಯರ ಮನೆಯವರು. ವಸಂತಾಳೂ ಬಂದಿದ್ದಳು, ಅವಳ ಮೇಲ್ಮನವಿಯ ವಿಚಾರಣೆ ಮುಂದಿನ ವಾರ ಇತ್ತು, ಮುಖ ತೋರಿಸಿ ಹೋಗೋಣ ಎಂದಿರಬೇಕು. ಸುಶೀಲಮ್ಮ ಮೈಸೂರು ಸಿಲ್ಕ್ ಉಟ್ಟು ಬಂದಿದ್ದರು. ಕೈಯಲ್ಲಿ ಸುಂಡಲಿನ ದೊನ್ನೆ ಹಿಡಿದುಕೊಂಡು ಗೋಡೆಯುದ್ದಕ್ಕೂ ಎಲ್ಲರ ಚಾರ್ಟು ನೋಡುತ್ತಾ ಗಂಡನದರ ಮುಂದೆ ನಿಂತರು.

ಚಾರ್ಟು ಇಂಗ್ಲಿಷಿನಲ್ಲಿತ್ತು. ಸುಶೀಲಮ್ಮ ಬಿ.ಎ. ಮಾಡಿದವರು, ನಿಧಾನವಾಗಿ ಓದಿದರು. ಶೇಷಗಿರಿ, ಪಕ್ಕದಲ್ಲಿ ಹೆಂಡತಿ ಸುಶೀಲಾ. ಸುಶೀಲಾ ಎಂಬಲ್ಲಿಂದ ಮೇಲೆ ಹೋದ ಗೆರೆಯ ತುದಿಯಲ್ಲಿ ತಾಯಿಯ ಖಾನೆ. ಖಾನೆಯಲ್ಲಿ 'ಅನ್‌ನೋನ್'. ಶೇಷಗಿರಿಯವರ ಒಡಹುಟ್ಟಿದವರ ಸಾಲಿನಲ್ಲಿ ಅಕ್ಕನ ಹೆಸರಿತ್ತು, ಅದರ ಕೆಳಗೆ ಮಕ್ಕಳಿಲ್ಲ ಎಂದಿತ್ತು.

ಅಧ್ಯಕ್ಷರು ಅತಿಥಿಗಳಿಗೆ ಏನೋ ವಿವರಿಸುತ್ತಿದ್ದರು. ಸುಶೀಲಮ್ಮ ದನಿ ಏರಿಸಲಿಲ್ಲ.

"ನಮ್ಮಮ್ಮನಿಗೆ ಮಕ್ಕಳೇ ಇಲ್ಲ ಅಂತ ಹಾಕ್ಸಿದೀರಲ್ಲ."

ಶೇಷಗಿರಿಯವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹದಿನೇಳನೆಯ ದೋಷದ ವಿಷಯ ಶುರುಮಾಡಿದರು. ಯಾರನ್ನಾದರೂ ಒಂದು ಕಡೆ ಬಿಡಲೇಬೇಕಾಗಿತ್ತು, ಅಕ್ಕ ಈಗ ಇಲ್ಲ, ಇದು ಬರೀ ಟೆಕ್ನಿಕಲ್ಲು, ಮನೆಗೆ ಹೋಗಿ ಹೇಳ್ತೀನಿ. ಆಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ನಾವು ಯಾರೂ ಅವರ ಬಾಯಲ್ಲಿ ಕೇಳದಿದ್ದ, ಮದುವೆಗಿಂತ ಮುಂಚಿನ ಏಕವಚನಕ್ಕೆ ಬಂದುಬಿಟ್ಟರು.

"ನಿಂಗೆ ಅನ್ನ ಕಲಸಿ ಬಾಯಿಗಿಟ್ಟು ಸಾಕಿದ್ದು ನಮ್ಮಮ್ಮ. ಅವಳು ನಿಂಗೆ ಅನ್‌ನೋನಾ, ಮಾವ?"

ಅಷ್ಟು ಹೊತ್ತು ಸುಂಡಲ್ ಅಗಿಯುತ್ತಿದ್ದವರೂ ನಿಲ್ಲಿಸಿದರು. ಸುಶೀಲಮ್ಮ ನನ್ನ ಕಡೆ ತಿರುಗಿ, "ಮೂರ್ತಿಗಳೇ, ಪೆನ್ನಿದ್ರೆ ಬರೀರಿ. ನಂಗೆ ಅಷ್ಟು ಎತ್ತರಕ್ಕೆ ಎಟುಕಲ್ಲ" ಎಂದರು. ಬ್ಯಾಡ್ಜ್ ಬರೆಯಲು ತಂದಿದ್ದ ದಪ್ಪ ಸ್ಕೆಚ್ ಪೆನ್ನು ನನ್ನ ಜೇಬಿನಲ್ಲಿತ್ತು. ಅಧ್ಯಕ್ಷರ ಮುಖ ನೋಡಿದೆ. ಅವರು ಚಾರ್ಟಿನ ಮುಂದಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಅನ್‌ನೋನ್ ಎಂಬುದರ ಮೇಲೆ ಗೀಟು ಎಳೆದು ಕನ್ನಡದಲ್ಲಿ ಲಕ್ಷ್ಮಿದೇವಮ್ಮ ಎಂದು ಬರೆದೆ.

"ಲಕ್ಷ್ಮೀ" ಎಂದರು ಶೇಷಗಿರಿಯವರು ಹಿಂದಿನಿಂದ. "ದೀರ್ಘ ಬೇಕು. ಅಕ್ಕ ದೀರ್ಘ ಹಾಕಿಯೇ ಬರೀತಿದ್ಲು."

ದೀರ್ಘ ಹಾಕಿದೆ. ನನ್ನ ಕೈಯಿಂದ ಅವರು ಪೆನ್ನು ತೆಗೆದುಕೊಂಡು, ಅಕ್ಕನ ಕೆಳಗಿನ 'ಮಕ್ಕಳಿಲ್ಲ' ಎಂಬುದನ್ನು ತಾವೇ ಹೊಡೆದುಹಾಕಿದರು. ಹಾಗೆ ತಿರುಗಿದಾಗ ಕಂಡವಳು ವಸಂತಾ.

"ನಿಂದು ಯಾವ ದೋಷಮ್ಮ?" ಎಂದರು. ಮರೆತಿದ್ದರೋ, ಮರೆತಂತೆ ಮಾಡಿದರೋ.

"ಹದಿನೇಳು ಸಾರ್" ಎಂದಳು ಅವಳು. "ನಿಮ್ಮದೇ."

ಈ ಘಟನೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗೆಲ್ಲ ಅಧ್ಯಕ್ಷರು ಅಲ್ಲೇ ಅವಳ ಫಲಿತಾಂಶವನ್ನೂ ಅದೇ ಪೆನ್ನಿನಿಂದ ತಿದ್ದಿದರು ಎಂದು ಮುಗಿಸುತ್ತಿದ್ದೆ, ಕೇಳಿದವರಿಗೆ ಬಹಳ ಸಂತೋಷವಾಗುತ್ತಿತ್ತು. ಹಾಗೇನೂ ನಡೆಯಲಿಲ್ಲ. ಅವರು, ಸೋಮವಾರ ಬಾಮ್ಮ ಎಂದಷ್ಟೇ ಹೇಳಿ ಅತಿಥಿಗಳ ಕಡೆ ಹೋದರು. ಸೋಮವಾರದ ಸಭೆಯಲ್ಲಿ ಕೋರಂ ಇರಲಿಲ್ಲ. ಅದರ ಮುಂದಿನದರಲ್ಲಿ ಕೋರಂ ಇತ್ತು, ಕರೆಂಟು ಇರಲಿಲ್ಲ. ಮೂರನೆಯದರಲ್ಲಿ ಎರಡೂ ಇದ್ದು, ಸಂಜೆಯವರೆಗೂ ಚರ್ಚೆಯಾಯಿತು. ದೋಷವನ್ನು ದೋಷವಲ್ಲ ಎಂದರೆ ಸಾಫ್ಟ್‌ವೇರ್ ತರಿಸಿದ್ದು ತಪ್ಪು ಎಂದಾಗುತ್ತದೆ. ದೋಷ ಎಂದರೆ ಅಧ್ಯಕ್ಷರ ಮದುವೆ ತಪ್ಪು ಎಂದಾಗುತ್ತದೆ. ಕೊನೆಗೆ, ಹದಿನೇಳನೆಯ ದೋಷವು ದೋಷವಾಗಿ ಉಳಿಯತಕ್ಕದ್ದು, ಆದರೆ ದಕ್ಷಿಣದ ನಾಲ್ಕು ರಾಜ್ಯಗಳ ಮಟ್ಟಿಗೆ ಅದಕ್ಕೆ ಅಂಕ ಕಳೆಯತಕ್ಕದ್ದಲ್ಲ ಎಂಬ ನಿರ್ಣಯವಾಯಿತು. ಕರಡು ಬರೆದದ್ದು ಶೇಷಗಿರಿಯವರೇ. ಅದರ ಕೊನೆಗೆ, ಯಾರೂ ಸೂಚಿಸದಿದ್ದ ಇನ್ನೊಂದು ವಾಕ್ಯವನ್ನು ಸೇರಿಸಿದರು: ಗೊತ್ತಿರುವ ವ್ಯಕ್ತಿಯನ್ನು ಗೊತ್ತಿಲ್ಲವೆಂದು ಬರೆಯುವುದು ನಪಾಸಿಗೆ ಕಾರಣವಾಗತಕ್ಕದ್ದು. ಸದಸ್ಯರೊಬ್ಬರು ಇದು ಹಿಂದಿನಿಂದಲೇ ಜಾರಿಗೆ ಬರುತ್ತದೆಯೇ ಎಂದು ಕೇಳಿದರು. "ಬರತ್ತೆ" ಎಂದು ಶೇಷಗಿರಿಯವರು ಕಾಗದ ಮಡಿಸಿದರು. ಆ ವರ್ಷದ ಕೊನೆಗೆ ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ವಯಸ್ಸಾಯಿತು ಎಂದು ಕಾರಣ ಕೊಟ್ಟರು. ನಾವಿಬ್ಬರೂ ಅದನ್ನು ನಂಬಿದಂತೆ ಕಾಫಿ ಕುಡಿದೆವು, ಯಂತ್ರದ್ದೇ.

ಸಾಫ್ಟ್‌ವೇರಿಗೆ ನಮ್ಮ ನಿರ್ಣಯ ಗೊತ್ತಾಗಲೇ ಇಲ್ಲ. ವಸಂತಾಳ ನಕ್ಷೆ ಹಾಕಿದಾಗಲೆಲ್ಲ ಅದು ಕೆಂಪಗಾಗುತ್ತಿತ್ತು, ಮಾನ್ಯತಾ ಪತ್ರ ಪ್ರಿಂಟ್ ಮಾಡಲು ಒಪ್ಪುತ್ತಿರಲಿಲ್ಲ. ಅವಳ ಪತ್ರವನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅವಳು ಅದನ್ನು ಎರಡು ಸಲ ಓದಿ, ಕವರಿಗೆ ಹಾಕಿ, ಹದಿನೇಳಕ್ಕೆ ಅಂಕ ಕಳೆಯದಿದ್ದ ಮೇಲೆ ತನಗೆ ಎಷ್ಟು ಬಂತು ಎಂದು ಕೇಳಿ ತಿಳಿದುಕೊಂಡು ಹೋದಳು.

ಕೆಲವು ತಿಂಗಳ ಮೇಲೆ ಅವಳ ಮೊದಲ ನಕ್ಷೆ ಮೊಹರಿಗೆ ಬಂತು. ಕೋಡಂಬಾಕ್ಕಂನ ಒಂದು ಕುಟುಂಬದ್ದು, ಐದು ತಲೆಮಾರು, ಅದರಲ್ಲಿ ಹದಿನೇಳನೆಯ ದೋಷ ಮೂರು ಕಡೆ. ಒಂದೊಂದು ಹೆಸರಿನ ಪಕ್ಕದಲ್ಲೂ ಹೇಗೆ ಗೊತ್ತು ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದಳು. ಕೆಳಗೆ ಬಲಗಡೆ, ಸಹಿಗೂ ಮಂಡಳಿಯ ಮೊಹರಿಗೂ ಸೇರಿಸಿ ನಾವು ಖಾಲಿ ಬಿಡಲು ಹೇಳಿದ್ದ ಜಾಗದಲ್ಲಿ, ವಸಂತಾ ಎಂಬ ಒಂದೇ ಹೆಸರು ಈ ಅಂಚಿನಿಂದ ಆ ಅಂಚಿನವರೆಗೆ ಇತ್ತು. ಮೊಹರು ಎಲ್ಲಿ ಒತ್ತುವುದು ಎಂದು ಗುಮಾಸ್ತ ಕೇಳಿದ. ಬೇರೆ ಹಾಳೆಯಲ್ಲಿ ಚಿಕ್ಕದಾಗಿ ಸಹಿ ಹಾಕಿಸಿ ತರಲು ಹೇಳಲೇ ಎಂದೂ ಕೇಳಿದ.

ಬೇಡ, ಹಿಂಬದಿಗೆ ಒತ್ತು ಎಂದೆ.